ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ: ಬೋರ್ಡ್ ಹೋಗಿದೆ ಅನ್ನುವ ಮೊದಲು

ಹೊಸ ಕಂಪ್ಯೂಟರ್ ಜೋಡಿಸಿದವರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಊರಿನ ಹೆಸರು ಹೊತ್ತು ಬರುತ್ತಾ ಇರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಏನೂ ಆಗದ ಮದರ್‌ಬೋರ್ಡಿಗೆ ಜನ ದುಡ್ಡು ಸುರಿಯುವುದನ್ನು ನೋಡಿ ನನಗೆ ಸಾಕಾಗಿದೆ.

ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, ಎರಡು ಡಿಡಿಆರ್5 ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ನಾನೇ ಅಸೆಂಬಲ್ ಮಾಡಿದೆ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಒಂದು ನಿಮಿಷ ನೋಡಿ ಆಫ್ ಮಾಡುತ್ತೇನೆ. ಹತ್ತು ಸಲ ಆಯಿತು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದೆ. ಬೋರ್ಡ್ ಹೋಗಿದೆ ಅನ್ನುತ್ತಾರೆ ಅಂಗಡಿಯವರು. (ಸುರತ್ಕಲ್‌ನಿಂದ ಒಬ್ಬ ವಿದ್ಯಾರ್ಥಿ)

ಒಂದು ನಿಮಿಷಕ್ಕೆ ಆಫ್ ಮಾಡಿದರೆ ಹೇಗೆ ಮಾರಾಯ್ರೆ? ಡಿಡಿಆರ್5 ಬೋರ್ಡು ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ತನ್ನ ವೇಗ, ಸಮಯ ಎಲ್ಲ ಹೊಂದಿಸಿಕೊಳ್ಳುತ್ತದೆ. ಮೆಮೊರಿ ಟ್ರೇನಿಂಗ್ ಅನ್ನುವುದು ಇದಕ್ಕೇ. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಕೆಲವು ನಿಮಿಷ ಬೇಕು, ಕೆಲವೊಮ್ಮೆ ಹತ್ತು ನಿಮಿಷ ದಾಟುವುದೂ ಉಂಟು. ನೀವು ನಡುವೆ ಆಫ್ ಮಾಡಿದಾಗಲೆಲ್ಲ ಅದು ಮತ್ತೆ ಮೊದಲಿನಿಂದ ಶುರು. ಬ್ಯಾಟರಿ ತೆಗೆದರೂ ಅಷ್ಟೇ, ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ‘ಮೊದಲು ಬ್ಯಾಟರಿ ತೆಗೆಯಿರಿ’ ಎಂದು ವಿಡಿಯೊದಲ್ಲಿ ಹೇಳುವವರ ಮಾತು ಇಲ್ಲಿ ನಿಮಗೆ ತೊಂದರೆಯನ್ನೇ ಕೊಟ್ಟಿದೆ.

ಹಾಗಾಗಿ ಮೊದಲು ಒಂದೇ ರ‍್ಯಾಮ್ ಇಡಿ. ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೇ ಸ್ಲಾಟಿನಲ್ಲಿ. ಗ್ರಾಫಿಕ್ಸ್ ಕಾರ್ಡ್ ತೆಗೆದುಬಿಡಿ. 7600ರೊಳಗೇ ಗ್ರಾಫಿಕ್ಸ್ ಇದೆ, ಮಾನಿಟರಿನ ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಸಾಕು. (ರೈಜನ್ 5 5600 ಇದ್ದವರಿಗೂ, ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದವರಿಗೂ ಇದು ಆಗದು. ಅವರ ಕೇಬಲ್ ಕಾರ್ಡಿಗೇ ಹೋಗಬೇಕು.) ಈಗ ಆನ್ ಮಾಡಿ, 15 ನಿಮಿಷ ಮುಟ್ಟಬೇಡಿ. ಹೋಗಿ ಚಾ ಕುಡಿದು ಬನ್ನಿ.

ಆಗಲೂ ಬರಲಿಲ್ಲವೆಂದರೆ ಬೋರ್ಡಿನ ಅಂಚು ನೋಡಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟಾಣಿ ಲೈಟುಗಳು ಹೆಚ್ಚಿನ ಹೊಸ ಬೋರ್ಡುಗಳಲ್ಲಿ ಇರುತ್ತವೆ. (ಸಿಪಿಯು ಎಂದರೆ ಪ್ರೊಸೆಸರ್, ಡಿರ‍್ಯಾಮ್ ಎಂದರೆ ರ‍್ಯಾಮ್, ವಿಜಿಎ ಎಂದರೆ ಗ್ರಾಫಿಕ್ಸ್, ಬೂಟ್ ಎಂದರೆ ವಿಂಡೋಸ್‌ನಂಥದ್ದು ಇರುವ ಡಿಸ್ಕ್.) ಯಾವುದು ಆರದೆ ನಿಲ್ಲುತ್ತದೋ ಹುಡುಕಾಟ ಅಲ್ಲಿಂದ. ಡಿರ‍್ಯಾಮ್ ಆದರೆ ರ‍್ಯಾಮನ್ನು ತೆಗೆದು ಮತ್ತೆ ಕೂರಿಸಿ, ಎರಡನೇ ರ‍್ಯಾಮನ್ನೂ ಬೇರೆ ಸ್ಲಾಟನ್ನೂ ಹಾಗೇ ಒಂದೊಂದಾಗಿ ನೋಡಿ. ಹೆದರಿ ಹೆದರಿ ಒತ್ತಿದರೆ ರ‍್ಯಾಮ್ ಕೂರುವುದಿಲ್ಲ. ‘ಟಕ್’ ಎಂದು ಕೇಳಬೇಕು.

ಸಿಪಿಯು ಲೈಟ್ ಆರದೆ ನಿಂತರೆ ಪ್ರೊಸೆಸರಿನ ಪಕ್ಕದ 8 ಪಿನ್ನಿನ ಪವರ್ ಪ್ಲಗ್ ನೋಡಿ. ಕಳೆದ ಮಳೆಗಾಲದಲ್ಲಿ ಮೂಡುಬಿದಿರೆಯಿಂದ ಒಬ್ಬರು ಮಗನ ಕಂಪ್ಯೂಟರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಹೊಸ ಬೋರ್ಡೇ ಆಗಬೇಕು ಎಂದು ಯಾರೋ ಹೇಳಿಯಾಗಿತ್ತು. ಟಾರ್ಚ್ ಹಾಕಿ ನೋಡಿದರೆ ಕೂಲರಿನ ಹಿಂದೆ ಆ ಪ್ಲಗ್ ಒಂದು ಉಗುರಿನಷ್ಟು ಮೇಲೆದ್ದು ನಿಂತಿದೆ, ಅದರ ಕೊಕ್ಕೆ ಸಿಕ್ಕಿಕೊಂಡೇ ಇಲ್ಲ. ಹೆಬ್ಬೆರಳಿಂದ ಒತ್ತಿದೆ. ಡಿಸ್‌ಪ್ಲೇ ಬಂತು. ಅವರ ಮುಖ ನೋಡಿ ಖುಷಿಯಾಯಿತು, ಆ ಸಲಹೆ ಕೊಟ್ಟವರ ಮೇಲೆ ಸಿಟ್ಟೂ ಬಂತು.

ಇಲ್ಲಿ ಇನ್ನೊಂದು ಎಚ್ಚರ. ಗ್ರಾಫಿಕ್ಸ್ ಕಾರ್ಡಿನ ಪ್ಲಗ್ಗಿಗೂ 8 ಪಿನ್ನೇ. ಅದು 6 ಮತ್ತು 2 ಆಗಿ ಬಿಡಿಸಿಕೊಳ್ಳುತ್ತದೆ, ಪ್ರೊಸೆಸರಿನದ್ದು ಸಾಮಾನ್ಯವಾಗಿ 4 ಮತ್ತು 4. ಎರಡರಲ್ಲಿ 12 ವೋಲ್ಟಿನ ಸಾಲೂ ಗ್ರೌಂಡಿನ ಸಾಲೂ ಅದಲು ಬದಲು. ಬಲವಂತವಾಗಿ ತುರುಕಬೇಡಿ. ಹಳೆಯ ಎಸ್‌ಎಂಪಿಎಸ್‌ನ (ಕಂಪ್ಯೂಟರಿನೊಳಗೆ ಎಲ್ಲದಕ್ಕೂ ಕರೆಂಟು ಕೊಡುವ ಪೆಟ್ಟಿಗೆ) ಬಿಡಿ ಕೇಬಲನ್ನು ಹೊಸದಕ್ಕೆ ಹಾಕಲೂಬೇಡಿ. ಬೋರ್ಡಿನ ಕಡೆ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಬೇರೆ ಇರಬಹುದು, ಬೋರ್ಡೋ ಹಾರ್ಡ್ ಡಿಸ್ಕೋ ಸುಟ್ಟುಹೋಗಬಹುದು.

ಇಷ್ಟಾದರೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಅದರದ್ದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ನೋಡಿ. ಅದು ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಮಾತ್ರ ಇಟ್ಟು ಆನ್ ಮಾಡಬೇಡಿ, ಆ ಚೀಲದಲ್ಲಿ ಕರೆಂಟು ಹರಿಯಬಹುದು. ಹೊರಗೆ ಆನ್ ಆಗಿ ಒಳಗೆ ಆಗದಿದ್ದರೆ, ಬೋರ್ಡಿನ ಅಡಿಯಲ್ಲಿ ಬೇಡದ ಜಾಗದಲ್ಲಿ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಕ್ಯಾಬಿನೆಟ್ಟಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಕಂಬ) ಉಳಿದು ಶಾರ್ಟ್ ಆಗುತ್ತಿರಬಹುದು.

ಹೊಸ ರ‍್ಯಾಮಿಗೆ ರಬ್ಬರ್ ಹಾಕಿ ಉಜ್ಜಬೇಕಾ? (ಪುತ್ತೂರು)

ಬೇಡ. ಹೊಸದರಲ್ಲಿ ಉಜ್ಜುವಂಥದ್ದು ಏನೂ ಇಲ್ಲ.

ಬೋರ್ಡಿಗೆ ಹೀಟ್ ಗನ್ ಹಿಡಿದರೆ ಜೀವ ಬರುತ್ತದಂತೆ? (ಬಂಟ್ವಾಳ)

ವಾರಂಟಿ ಇರುವ ಬೋರ್ಡನ್ನು ಬೇಯಿಸುವ ಇಂಥ ವೈದ್ಯರನ್ನು ದಯವಿಟ್ಟು ಮನೆಗೆ ಸೇರಿಸಬೇಡಿ.

ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಫ್ಯಾನೂ ಇಲ್ಲ. ಎಸ್‌ಎಂಪಿಎಸ್ ಬಿಚ್ಚಿ ನೋಡಲಾ? (ಕುಂದಾಪುರ)

ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಕ್ಯಾಬಿನೆಟ್ ಬಟನಿನ ವಯರನ್ನು ತಪ್ಪು ಪಿನ್ನಿಗೆ ಹಾಕಿರಬಹುದು. ಬೋರ್ಡಿನ ಪುಸ್ತಕದಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ನೋಡಿ, ಸ್ಕ್ರೂಡ್ರೈವರಿನ ತುದಿಯನ್ನು ಎರಡಕ್ಕೂ ಒಮ್ಮೆ ತಾಗಿಸಿ. ಆನ್ ಆದರೆ ಬೋರ್ಡಿಗೂ ಎಸ್‌ಎಂಪಿಎಸ್‌ಗೂ ಏನೂ ಆಗಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ. ಕಾಲಡಿಗೆ ಮ್ಯಾಟ್ ಹಾಕಿದೆ, ಸರಿಯಾಯಿತು. ತೊಂದರೆ ಇಲ್ಲ ಅಲ್ವಾ? (ಉಡುಪಿ)

ತೊಂದರೆ ಇದೆ. ನಿಮ್ಮ ಕಂಪ್ಯೂಟರಿಗೆ ಅರ್ಥಿಂಗ್ ಸಿಗುತ್ತಿಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಸ್ವಲ್ಪ ಕರೆಂಟನ್ನು ಯಾವಾಗಲೂ ಕ್ಯಾಬಿನೆಟ್ಟಿನ ಲೋಹಕ್ಕೆ ಬಿಡುತ್ತದೆ, ಅದು ಅರ್ಥ್ ವಯರಿನಲ್ಲಿ ಹೋಗಬೇಕು. ದಾರಿ ಇಲ್ಲದಿದ್ದರೆ ನಿಮ್ಮ ಮೈಯೇ ದಾರಿ. ನಾಳೆ ನಿಜವಾದ ಶಾರ್ಟ್ ಆದರೆ ಮ್ಯಾಟ್ ಜೀವ ಕಾಯುವುದಿಲ್ಲ. ಪ್ಲಗ್ಗಿನ ಮೂರನೇ ಪಿನ್ ಮುರಿದಿಲ್ಲ ತಾನೇ, ನೋಡಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಒಣಗಿದರೆ ಅರ್ಥ್ ಗುಂಡಿ ಇದ್ದೂ ಇಲ್ಲದಂತೆ ಆಗುತ್ತದೆ. ಮೀಟರ್ ಹಿಡಿದು ಅಳೆಯುವ ಎಲೆಕ್ಟ್ರಿಷಿಯನ್ನನ್ನು ಇವತ್ತೇ ಕರೆಸಿ, ಅಲ್ಲಿಯವರೆಗೆ ಆ ಕಂಪ್ಯೂಟರ್ ಆನ್ ಮಾಡಬೇಡಿ.