ನಾಲ್ವರು ಸೇರಿ ಒಂದು ಪಾಠ

ಪ್ರಶ್ನೆ: ಕ್ಲಸ್ಟರ್ ಸಭೆ (ಹತ್ತಿರದ ಶಾಲೆಗಳ ಶಿಕ್ಷಕರ ಸಭೆ) ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೀ ಶುಭೋದಯ. ಅಕ್ಕಪಕ್ಕದ ಶಾಲೆಗಳ ನಾವು ನಾಲ್ವರು ಗಣಿತ ಶಿಕ್ಷಕರು ಪರಸ್ಪರ ಕಲಿಯುವುದು ಹೇಗೆ?
– ಒಬ್ಬ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ನಾಲ್ವರು ಧಾರಾಳವಾಯಿತು. ಜಪಾನಿನ ಶಾಲೆಗಳ ‘ಜುಗ್ಯೋ ಕೆಂಕ್ಯೂ’ ಪದ್ಧತಿ ನಿಮಗೆ ಹೊಂದುತ್ತದೆ: ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸಿ, ಉಳಿದವರು ಗಮನಿಸುವುದು.

ಮಕ್ಕಳು ಎಡವುವ ಒಂದೇ ಜಾಗ ಹಿಡಿಯಿರಿ. 1/3 + 1/4 = 2/7 ಎಂದು ಬರೆಯುತ್ತಾರಲ್ಲ, ಅದು. ತಪ್ಪು ಎನ್ನುವ ಮೊದಲು 12 ಸೆಂ.ಮೀ. ಕಾಗದದ ಪಟ್ಟಿ ಕೊಡಿ. ಮೂರನೇ ಒಂದು ಭಾಗ 4 ಸೆಂ.ಮೀ., ನಾಲ್ಕನೇ ಒಂದು ಭಾಗ 3. ಸೇರಿಸಿದರೆ 7, ಅಂದರೆ 7/12. 2/7 ಎಂಬುದು 1/3ಕ್ಕಿಂತಲೂ ಚಿಕ್ಕದು. ಕೂಡಿಸಿದ ಮೇಲೆ ಕಡಿಮೆಯಾಗುವುದುಂಟೇ ಎಂದು ಕೇಳಿ.

ನೋಡುವವರು ತಲಾ ನಾಲ್ಕೈದು ಮಕ್ಕಳ ಹಿಂದೆ ಕೂತು, ಅವರು ಬರೆದದ್ದು, ಅಳಿಸಿದ್ದು ಎಲ್ಲ ಟಿಪ್ಪಣಿ ಮಾಡಲಿ. ಬಾಯಿ ಹಾಕಬಾರದು (ಮೇಷ್ಟ್ರುಗಳಿಗೆ ಇದೇ ಕಷ್ಟ!).

ಕೆಡುವುದು ಪಾಠ ಮುಗಿದ ಮೇಲಿನ ಚರ್ಚೆಯಲ್ಲಿ. ‘ನಿಮ್ಮ ಧ್ವನಿ ಚೆನ್ನಾಗಿತ್ತು, ಮೇಡಂ’ ಎಂದು ಶುರುವಾದರೆ ಅದು ತಪಾಸಣೆಯೋ ಹೊಗಳಿಕೆಯೋ ಆಗಿಬಿಡುತ್ತದೆ. ಕಲಿಸಿದವರೇ ಮೊದಲು ಮಾತಾಡಲಿ, ಉಳಿದವರು ಮಕ್ಕಳ ಬಗ್ಗೆಯಷ್ಟೇ ಹೇಳಲಿ. ತಿದ್ದಿದ ಪಾಠವನ್ನು ಮುಂದಿನ ವಾರ ಇನ್ನೊಬ್ಬರು ತಮ್ಮ ಶಾಲೆಯಲ್ಲಿ ಮಾಡಲಿ.