ಕೊಕ್ಕು ತೆರೆದು ಕೂತ ಹಕ್ಕಿ

ಗಂಗಾವತಿ ಹತ್ತಿರದ ಹಳ್ಳಿಯೊಂದರಿಂದ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಭತ್ತ ಬೆಳೆಯುವವರು, ಜೊತೆಗೆ ಇನ್ನೂರು ಜವಾರಿ ಕೋಳಿ ಸಾಕಿದ್ದಾರೆ. ಪತ್ರದ ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಪೆಂಗ್ವಿನ್ ಬಗ್ಗೆ ಎರಡು ಪುಟ ಹಾಕಿದ್ದೀರಿ. ಚಿತ್ರದಲ್ಲಿ ಅದರ ಪಕ್ಕ ಬಿಳಿ ಕರಡಿ ನಿಂತಿದೆ, ಅದು ತಪ್ಪು ಅಂತ ಏಳನೇ ಕ್ಲಾಸಿನ ನನ್ನ ಮಗಳು ಹೇಳಿದಳು. ಅದಿರಲಿ. ಹಾರದ ಪ್ರಾಣಿಗೆ ಹಕ್ಕಿ ಅಂತ ಯಾಕೆ ಅನ್ನಬೇಕು? ಇಲ್ಲಿ 43 ಡಿಗ್ರಿ ಬಿಸಿಲು, ನನ್ನ ಕೋಳಿಮರಿಗಳು ಬಾಯಿ ತೆರೆದು ತೆರೆದು ಸಾಯುತ್ತಿವೆ, ಬಿಸಿಲಿಗೋ ರೋಗಕ್ಕೋ ಗೊತ್ತಾಗುತ್ತಿಲ್ಲ. ನೀವು ನೋಡಿದರೆ ಐಸ್ ಮೇಲಿನ ಹಕ್ಕಿ ಕಥೆ ಹೇಳುತ್ತೀರಿ."

ನಮಸ್ಕಾರ ಯಜಮಾನ್ರೇ.

ಮೊದಲು ಮಗಳ ಮಾತು. ಅವಳು ಹೇಳಿದ್ದೇ ಸರಿ. ಬಿಳಿ ಕರಡಿ ಉತ್ತರ ಧ್ರುವದ ಕಡೆಯದು, ಪೆಂಗ್ವಿನ್ ದಕ್ಷಿಣದ ಕಡೆಯದು, ಒಂದರ ಮುಖ ಇನ್ನೊಂದು ಕಂಡಿಲ್ಲ. ಆ ಚಿತ್ರ ಪಾಸ್ ಮಾಡಿದವನು ನಾನೇ. ಕರಡಿ ಚೆನ್ನಾಗಿ ಬಂದಿದೆ ಅಂತ ಖುಷಿ ಬೇರೆ ಪಟ್ಟಿದ್ದೆ.

ಹಾರದಿದ್ದರೂ ಅದು ಹಕ್ಕಿನೇ. ಮೈತುಂಬ ಪುಕ್ಕ ಇದೆ, ಕೊಕ್ಕಿದೆ, ಮೊಟ್ಟೆ ಇಟ್ಟು ಕಾವು ಕೊಡುತ್ತದೆ. ಅದರ ಹಿರಿಯರು ಹಾರುತ್ತಿದ್ದವರೇ. ಸಮುದ್ರಕ್ಕೆ ಇಳಿದ ಮೇಲೆ ರೆಕ್ಕೆ ದೋಣಿಯ ಹುಟ್ಟಿನಂತಾಯಿತು, ಮುಳುಗಲು ಅನುಕೂಲವಾಗುವಂತೆ ಮೂಳೆ ಗಟ್ಟಿಯಾಯಿತು. ನ್ಯೂಜಿಲೆಂಡ್‌ನಲ್ಲಿ ಸಿಕ್ಕಿರುವ ವೈಮಾನು ಅನ್ನುವ ಹಳೇ ಪೆಂಗ್ವಿನ್ ಪಳೆಯುಳಿಕೆಗೆ ಸುಮಾರು 6 ಕೋಟಿ ವರ್ಷ. ಅಲ್ಲೇ ಸಿಕ್ಕ ಇನ್ನೊಂದಕ್ಕೆ 2023ರಲ್ಲಿ ಕುಮಿಮಾನು ಫೋರ್ಡಿಸೈ ಅಂತ ಹೆಸರಿಟ್ಟರು. ಅದರ ತೂಕ ಸುಮಾರು 150 ಕೆಜಿ ಇದ್ದಿರಬೇಕು ಅನ್ನುತ್ತಾರೆ. ನಿಮ್ಮ ಲೆಕ್ಕದಲ್ಲಿ ಎರಡು ಚೀಲ ಭತ್ತ! ಈಗ ಬದುಕಿರುವುದರಲ್ಲೇ ದೊಡ್ಡದಾದ ಎಂಪರರ್ ಪೆಂಗ್ವಿನ್ 40 ಕೆಜಿ ಮುಟ್ಟಿದರೆ ಜಾಸ್ತಿ.

ಇನ್ನು "ಐಸ್ ಮೇಲಿನ ಹಕ್ಕಿ". ಇದೂ ನಮ್ಮ ಲೇಖನದ ತಪ್ಪೇ, ನಿಮ್ಮದಲ್ಲ. ಸುಮಾರು 18 ಜಾತಿಯ ಪೆಂಗ್ವಿನ್‌ಗಳಿವೆ, ಅದರಲ್ಲಿ ಹಿಮದ ನಡುವೆ ಬದುಕುವವು ಕೆಲವೇ. ಗಲಪಗೋಸ್ ಪೆಂಗ್ವಿನ್ ಇರುವುದು ಭೂಮಧ್ಯರೇಖೆಯ ಮೇಲೆ. ಹಂಬೋಲ್ಟ್ ಪೆಂಗ್ವಿನ್‌ಗಳ ಊರು ಪೆರು, ಚಿಲಿ ದೇಶಗಳ ಮರಳುಗಾಡಿನ ಕರಾವಳಿ. 2016ರಲ್ಲಿ ಮುಂಬೈನ ಬೈಕುಲ್ಲಾ ಜೂಗೆ ತಂದದ್ದು ಇದೇ ಜಾತಿಯನ್ನು. ರೈತರಾದ ನಿಮಗೆ ಒಂದು ವಿಷಯ ಹೇಳಲೇಬೇಕು. ಇವು ಗೂಡು ತೋಡುತ್ತಿದ್ದದ್ದು ಕಡಲಹಕ್ಕಿಗಳ ಹಿಕ್ಕೆ ವರ್ಷಾನುಗಟ್ಟಲೆ ಒಣಗಿ ಆದ ದಿಬ್ಬಗಳಲ್ಲಿ. 19ನೇ ಶತಮಾನದಲ್ಲಿ ಆ ಹಿಕ್ಕೆಯನ್ನು ಯೂರೋಪಿನ ಹೊಲಗಳಿಗೆ ಗೊಬ್ಬರ ಅಂತ ಹಡಗುಗಟ್ಟಲೆ ಕೆರೆದು ಸಾಗಿಸಿದರು, ಹಕ್ಕಿಗಳ ಮನೆಯೂ ಅದರ ಜೊತೆಗೇ ಹೋಯಿತು.

ಈಗ ಬಿಸಿಲಿಗೆ ಬರೋಣ. ಅರ್ಜೆಂಟೀನಾದಲ್ಲಿ ಪುಂಟಾ ಟೊಂಬೊ ಅಂತ ಒಂದು ಜಾಗ. ಅಲ್ಲಿ ಮೆಗೆಲ್ಲಾನಿಕ್ ಪೆಂಗ್ವಿನ್‌ಗಳು ಸಾವಿರಾರು ಸಂಖ್ಯೆಯಲ್ಲಿ ಮರಿ ಮಾಡುತ್ತವೆ. 2019ರ ಜನವರಿ 19ರಂದು ಅಲ್ಲಿ ನೆರಳಲ್ಲೇ 44 ಡಿಗ್ರಿ ಆಯಿತು. ನಮ್ಮ ರಾಯಚೂರಿನ ಮೇ ತಿಂಗಳು ಅಂದುಕೊಳ್ಳಿ. ಆಮೇಲೆ ಸಂಶೋಧಕರು ಹೋಗಿ ಎಣಿಸಿದಾಗ ಕಮ್ಮಿ ಅಂದರೂ 354 ಪೆಂಗ್ವಿನ್ ಸತ್ತಿದ್ದವು, ಅದರಲ್ಲಿ 264 ಬೆಳೆದವು. ಹೊಟ್ಟೆ ಮೇಲೆ ಬಿದ್ದು, ಕಾಲು ಚಾಚಿ, ರೆಕ್ಕೆ ಅಗಲಿಸಿ, ಕೊಕ್ಕು ತೆರೆದುಕೊಂಡೇ ಸತ್ತಿದ್ದವು. ಹೆಚ್ಚಿನವು ಸತ್ತದ್ದು ನೀರಿಲ್ಲದೆ. ಸಮುದ್ರ ಇದ್ದದ್ದು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಅಲ್ಲಿವರೆಗೆ ನಡೆದಿದ್ದರೆ ಬದುಕುತ್ತಿದ್ದವು. ಉಪ್ಪುನೀರು ಅವಕ್ಕೆ ತೊಂದರೆಯಲ್ಲ. ಕಣ್ಣಿನ ಮೇಲಿರುವ ಒಂದು ಗ್ರಂಥಿ ಜಾಸ್ತಿಯಾದ ಉಪ್ಪನ್ನು ಹೊರಗೆ ಹಾಕುತ್ತದೆ, ಅದು ಕೊಕ್ಕಿನಿಂದ ತೊಟ್ಟಿಕ್ಕುತ್ತದೆ.

ಆ ಭಂಗಿಯನ್ನು ನೀವು ನೋಡಿಯೇ ಇರುತ್ತೀರಿ. ಮಧ್ಯಾಹ್ನ ಎರಡು ಗಂಟೆಗೆ ಬೇವಿನ ಮರದ ಕೆಳಗೆ ನಿಮ್ಮ ಕೋಳಿ ಹೇಗೆ ಕೂತಿರುತ್ತದೆ? ರೆಕ್ಕೆ ಮೈಯಿಂದ ಬಿಡಿಸಿಕೊಂಡು, ಕೊಕ್ಕು ತೆರೆದು, ಗಂಟಲು ಪಟಪಟ ಬಡಿಯುತ್ತಾ ಇರುತ್ತದೆ ಅಲ್ವಾ? ಹಕ್ಕಿಗೆ ಬೆವರು ಬರಲ್ಲ. ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವುದು ಬಾಯಿ, ಮತ್ತೆ ಪುಕ್ಕ ಇಲ್ಲದ ಚರ್ಮ. ಆಫ್ರಿಕಾದ ಪೆಂಗ್ವಿನ್‌ಗೆ ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬರಿ ಚರ್ಮ ಇದೆ, ಸೆಕೆಯಾದರೆ ಅಲ್ಲಿಗೆ ರಕ್ತ ಜಾಸ್ತಿ ನುಗ್ಗಿ ಬಿಸಿ ಹೊರಗೆ ಹೋಗುತ್ತದೆ. ಕೋಳಿಯ ಜುಟ್ಟು ಮಾಡುವುದೂ ಅದೇ ಕೆಲಸವನ್ನೇ.

ಆದರೆ ಬಾಯಿ ತೆರೆಯುವ ಹಕ್ಕಿಗೆಲ್ಲ ಬಿಸಿಲೇ ಕಾರಣ ಅಲ್ಲ, ನಿಮ್ಮ ಪತ್ರ ಓದಿದಾಗ ನನಗೆ ಅನುಮಾನ ಬಂದದ್ದು ಅಲ್ಲೇ. ಮೃಗಾಲಯದ ಪೆಂಗ್ವಿನ್‌ಗಳನ್ನು ಜಾಸ್ತಿ ಕಾಡುವ ರೋಗಗಳಲ್ಲಿ ಒಂದು ಆಸ್ಪರ್‌ಜಿಲಸ್ ಅನ್ನುವ ಬೂಷ್ಟಿನಿಂದ ಬರುತ್ತದೆ. ಒದ್ದೆ ಹೊಟ್ಟು, ಒದ್ದೆ ಹುಲ್ಲು, ಕೆಟ್ಟ ಮೇವು, ಇವುಗಳ ಮೇಲೆ ಬೆಳೆಯುತ್ತದೆ. ಅದರ ಪುಡಿ ಉಸಿರಿನಲ್ಲಿ ಸೇರಿ ಶ್ವಾಸಕೋಶ, ಗಾಳಿಚೀಲಗಳಲ್ಲಿ ಗಂಟು ಕಟ್ಟುತ್ತದೆ. ತಣ್ಣನೆ ಕಡಲ ಗಾಳಿಯಲ್ಲಿ ಬೆಳೆದ ಹಕ್ಕಿ ಇದನ್ನು ತಡೆಯಲ್ಲ, ಅದಕ್ಕೇ ಪೆಂಗ್ವಿನ್ ಸಾಕುವ ಎಷ್ಟೋ ಕಡೆ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಾರೆ. ಸೊಳ್ಳೆಯಿಂದ ಬರುವ ಹಕ್ಕಿ ಮಲೇರಿಯಾಕ್ಕೂ ಅವು ಹೀಗೇ ಬಲಿಯಾಗುತ್ತವೆ. ಕೋಳಿಮರಿಗಳಿಗೂ ಬರುತ್ತದೆ ಈ ಬೂಷ್ಟಿನ ರೋಗ, ಇದೇ ಬೂಷ್ಟು, ಹೀಗೇ. ನೀವು ಮರಿಗಳ ಕೆಳಗೆ ಹಾಸಿರುವುದು ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಅಂತ ಬರೆದಿದ್ದೀರಿ. ನೀರಿನ ಡಬ್ಬಿ ಪಕ್ಕದ ಹೊಟ್ಟನ್ನು ಒಮ್ಮೆ ಕೈಯಲ್ಲಿ ಹಿಂಡಿ ನೋಡಿ.

ಹಕ್ಕಿ ಜ್ವರದ್ದು ಉಲ್ಟಾ ಕಥೆ. ಅದು ಮನೆಯಿಂದ ಕಾಡಿಗೆ ಹೋಯಿತು. ಈಗ ಜಗತ್ತು ಸುತ್ತುತ್ತಿರುವ ಎಚ್5ಎನ್1 ಅನ್ನುವ ಹಕ್ಕಿ ಜ್ವರದ ವೈರಸ್ ವಂಶವನ್ನು ಮೊದಲು ಕಂಡದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನಲ್ಲಿ, ಸಾಕಿದ ಹೆಬ್ಬಾತುಗಳಲ್ಲಿ. ಅಲ್ಲಿಂದ ಕಾಡುಹಕ್ಕಿಗಳಿಗೆ ಹತ್ತಿ, ಖಂಡ ದಾಟಿ, 2023ರ ಅಕ್ಟೋಬರ್‌ನಲ್ಲಿ ಅಂಟಾರ್ಕ್ಟಿಕಾ ಬಾಗಿಲಿನ ಸೌತ್ ಜಾರ್ಜಿಯಾ ದ್ವೀಪಗಳಿಗೆ ಬಂತು. 2024ರಲ್ಲಿ ಅಲ್ಲಿನ ಪೆಂಗ್ವಿನ್‌ಗಳಲ್ಲೂ ಸಿಕ್ಕಿತು. 2025ರ ಆರಂಭದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಕೋಳಿಗಳಿಗೆ ಹಕ್ಕಿ ಜ್ವರ ಬಂದದ್ದು ನಿಮಗೆ ನೆನಪಿರಬೇಕು. ಹಾಗಾಗಿ ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಟ್ಟಿಗೇ ಹತ್ತಾರು ಸತ್ತರೆ ಕಾಯದೆ ಪಶು ಆಸ್ಪತ್ರೆಗೆ ಫೋನ್ ಮಾಡಿ.

ಈಗ ನಿಮ್ಮ ಪ್ರಶ್ನೆ, ಬಿಸಿಲೋ ರೋಗವೋ? ಇಲ್ಲಿ ಕೂತು ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ಬಿಸಿಲಿಗೆ ಬಾಯಿ ತೆರೆದ ಹಕ್ಕಿ ಸಂಜೆ ತಂಪಾದ ಮೇಲೆ ಮುಚ್ಚುತ್ತದೆ. ಬೆಳಗಿನ ಜಾವದ ತಂಪಿನಲ್ಲೂ ಕೊಕ್ಕು ತೆರೆದು ಕತ್ತು ಚಾಚುತ್ತಿದ್ದರೆ ಅದು ಬೇರೆ ಏನೋ. ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ಬೆಳಗ್ಗೆ ಐದಕ್ಕೆ ಎಷ್ಟು ಮರಿ ಬಾಯಿ ತೆರೆದಿವೆ, ಮಧ್ಯಾಹ್ನ ಎರಡಕ್ಕೆ ಎಷ್ಟು, ಯಾವ ಮೂಲೆಯಲ್ಲಿ ಎಷ್ಟು ಸತ್ತವು, ಒಂದು ವಾರ ಬರೆಯಲಿ. ಪುಂಟಾ ಟೊಂಬೊದಲ್ಲಿ ಡೀ ಬೋರ್ಸ್ಮಾ ಅನ್ನುವ ವಿಜ್ಞಾನಿ 1982ರಿಂದ ಮಾಡಿಕೊಂಡು ಬಂದದ್ದೂ ಹೀಗೆ ಎಣಿಸಿ ಎಣಿಸಿ ಬರೆದಿಡುವ ಕೆಲಸವನ್ನೇ. ಆ ನೋಟ್‌ಬುಕ್ ಹಿಡಿದುಕೊಂಡು ಪಶು ವೈದ್ಯರ ಹತ್ತಿರ ಹೋಗಿ, ಹೋಗುವ ಮುಂಚೆ ಅದರ ಒಂದು ಫೋಟೋ ನನಗೂ ಕಳಿಸಿ.