ಪಿಯು ಅರ್ಥಶಾಸ್ತ್ರ: ರೇಖೆ ಪಲ್ಲಟವಾಗುವುದು ಯಾವಾಗ?

ಪದವಿಪೂರ್ವ ಹಂತದ ಅರ್ಥಶಾಸ್ತ್ರದ ಬಗ್ಗೆ ಓದುಗರು ಕಳುಹಿಸಿದ ಮೂರು ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯು ವಾಣಿಜ್ಯ ಓದುತ್ತಿದ್ದೇನೆ. ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಬರುತ್ತದೆ, ಅರ್ಥಶಾಸ್ತ್ರದಲ್ಲಿ ಹಿಂದೆ ಬೀಳುತ್ತಿದ್ದೇನೆ. ವ್ಯಾಖ್ಯೆಗಳೆಲ್ಲ ಬಾಯಿಪಾಠವಾಗಿವೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ, ರೇಖಾಚಿತ್ರ ಬರೆಯಿರಿ ಎಂದರೆ ಕೈ ಓಡುವುದಿಲ್ಲ. ಬೇಡಿಕೆ ರೇಖೆ ಪಲ್ಲಟವಾಗುವುದು ಯಾವಾಗ, ರೇಖೆಯ ಮೇಲೆಯೇ ಚಲನೆ ಆಗುವುದು ಯಾವಾಗ ಎಂಬುದು ಇನ್ನೂ ತಿಳಿಯುತ್ತಿಲ್ಲ.
— ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ಪಲ್ಲಟದ ಪ್ರಶ್ನೆಯನ್ನೇ ಮೊದಲು ಬಿಡಿಸೋಣ. ಅದೊಂದು ಸ್ಪಷ್ಟವಾದರೆ ಸೂಕ್ಷ್ಮ ಅರ್ಥಶಾಸ್ತ್ರದ ಬಹುಪಾಲು ಅಧ್ಯಾಯಗಳು ಸಲೀಸಾಗುತ್ತವೆ. ಇದನ್ನು ಬರಿದೇ ಓದಬೇಡಿ, ಪೆನ್ಸಿಲ್ ಹಿಡಿದು ಜೊತೆಜೊತೆಗೇ ಬರೆಯಿರಿ.

ನಮ್ಮ ಎಪಿಎಂಸಿ ಪ್ರಾಂಗಣಕ್ಕೆ ಬರುವ ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಸಣ್ಣ ಅಂಕಿಗಳಿರಲಿ. ಬೇಡಿಕೆಯ ಪ್ರಮಾಣ ಎಂದರೆ 100ರಲ್ಲಿ ಬೆಲೆಯನ್ನು ಕಳೆದಷ್ಟು. ಪೂರೈಕೆಯ ಪ್ರಮಾಣ ಎಂದರೆ 20ಕ್ಕೆ ಬೆಲೆಯನ್ನು ಕೂಡಿದಷ್ಟು. ಬೆಲೆ 40 ಆದಾಗ ಎರಡೂ 60ಕ್ಕೆ ಬಂದು ನಿಲ್ಲುತ್ತವೆ. ಅದೇ ಸಮತೋಲನ. ಈಗ ಕೋಳಿ ಆಹಾರ ತಯಾರಿಸುವವರ ಜೊತೆಗೆ ಎಥೆನಾಲ್ ಕಾರ್ಖಾನೆಯವರೂ ಖರೀದಿಗೆ ಇಳಿದರು ಎನ್ನಿ. ಪ್ರತಿಯೊಂದು ಬೆಲೆಯಲ್ಲೂ ಮೊದಲಿಗಿಂತ 20 ಹೆಚ್ಚು ಬೇಕಾಯಿತು. ಬೇಡಿಕೆ ಈಗ 120ರಲ್ಲಿ ಬೆಲೆಯನ್ನು ಕಳೆದಷ್ಟು. ಹೊಸ ಸಮತೋಲನ ಬೆಲೆ 50, ಪ್ರಮಾಣ 70.

ಇಲ್ಲಿ ನಿಂತು ನೋಡಿ. ಬೇಡಿಕೆಯ ರೇಖೆ ಇಡಿಯಾಗಿ ಬಲಕ್ಕೆ ಸರಿದಿದೆ. ಅದು ಪಲ್ಲಟ. ಪೂರೈಕೆಯ ರೇಖೆ ಇದ್ದಲ್ಲೇ ಇದೆ. ಬೆಲೆ ಏರಿದ್ದರಿಂದ ರೈತರು ಅದೇ ರೇಖೆಯ ಮೇಲೆ 60ರಿಂದ 70ಕ್ಕೆ ಹೋಗಿದ್ದಾರೆ. ಅದು ಚಲನೆ. ಒಂದೇ ಘಟನೆಯಲ್ಲಿ ಒಂದು ರೇಖೆಗೆ ಪಲ್ಲಟ, ಇನ್ನೊಂದರ ಮೇಲೆ ಚಲನೆ. ಉತ್ತರ ಪತ್ರಿಕೆಯಲ್ಲಿ ಎರಡೂ ರೇಖೆಗಳನ್ನು ಸರಿಸಿಬಿಡುವ ವಿದ್ಯಾರ್ಥಿಗಳೇ ಹೆಚ್ಚು.

ಗುರುತಿಸುವ ಕ್ರಮ ಸರಳ. ಚಿತ್ರದ ಎರಡು ಅಕ್ಷಗಳಲ್ಲಿ ಇರುವುದು ಬೆಲೆ ಮತ್ತು ಪ್ರಮಾಣ ಮಾತ್ರ. ಬದಲಾವಣೆಗೆ ಕಾರಣ ಆ ಸರಕಿನ ಬೆಲೆಯೇ ಆಗಿದ್ದರೆ ರೇಖೆಯ ಮೇಲೆ ಚಲನೆ. ಕಾರಣ ಅಕ್ಷಗಳಲ್ಲಿ ಇಲ್ಲದ ಸಂಗತಿಯಾಗಿದ್ದರೆ, ಅಂದರೆ ಮಳೆ, ವರಮಾನ, ಅಭಿರುಚಿ, ಬದಲಿ ಸರಕಿನ ಬೆಲೆ, ಗೊಬ್ಬರದ ದರ ಇಂಥದ್ದಾದರೆ, ರೇಖೆ ಪಲ್ಲಟವಾಗುತ್ತದೆ. ಯಾವ ಪ್ರಶ್ನೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಕಾರಣ ಅಕ್ಷದ ಮೇಲಿದೆಯೇ, ಹೊರಗಿದೆಯೇ?

ಅಕ್ಷದ ವಿಷಯದಲ್ಲಿ ಇನ್ನೊಂದು ಮಾತು. ಗಣಿತದಲ್ಲಿ ಕಾರಣವಾಗುವ ಪರಿಮಾಣವನ್ನು ಅಡ್ಡ ಅಕ್ಷದಲ್ಲಿ ಇಡುತ್ತಾರೆ. ನಮ್ಮಲ್ಲಿ ಬೆಲೆ ಲಂಬ ಅಕ್ಷದಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ಅನುಸರಿಸಿದ ಕ್ರಮ ಇಂದಿಗೂ ಹಾಗೆಯೇ ಉಳಿದಿದೆ. ಗಣಿತದಲ್ಲಿ ಚುರುಕಾಗಿರುವ ಮಕ್ಕಳೂ ಇಲ್ಲಿ ತಡವರಿಸುವುದನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಅಕ್ಷಗಳ ಹೆಸರು ಬರೆಯದೆ ಒಂದು ಗೆರೆಯನ್ನೂ ಎಳೆಯಬೇಡಿ.

ಅದೇ ಅಂಕಿಗಳಲ್ಲಿ ಬೆಂಬಲ ಬೆಲೆಯನ್ನೂ ನೋಡಬಹುದು. ಮೊದಲಿನ ಸಮತೋಲನ ಬೆಲೆ 40 ಇದ್ದಾಗ ಸರ್ಕಾರ 50 ಎಂದು ನಿಗದಿ ಮಾಡಿತು ಎಂದುಕೊಳ್ಳಿ. ಆ ಬೆಲೆಗೆ ಬೇಡಿಕೆ 50, ಪೂರೈಕೆ 70. ಮಿಕ್ಕ 20ನ್ನು ಯಾರಾದರೂ ಕೊಳ್ಳಬೇಕು. ಸರ್ಕಾರ ಖರೀದಿ ಕೇಂದ್ರ ತೆರೆದು ಕೊಂಡರೆ ಬೆಲೆ ನಿಲ್ಲುತ್ತದೆ. ಕೊಳ್ಳದಿದ್ದರೆ ರೈತ ವರ್ತಕರು ಕೊಟ್ಟಷ್ಟಕ್ಕೆ ಮಾರುತ್ತಾನೆ. 2025–26ಕ್ಕೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಘೋಷಣೆಯಾದ ಬೆಲೆ ರೈತನ ಕೈಗೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದಿರಬಹುದು. ಪಠ್ಯದ ‘ಬೆಲೆ ತಳಮಿತಿ’ಯ ಒಂದು ಪುಟ ಓದಿದವರು ಅದಕ್ಕೆ ಉತ್ತರ ಕೊಡಬಲ್ಲರು. ಈ ಪುಟವನ್ನು ಪರೀಕ್ಷೆಗೆ ಮುಖ್ಯವಲ್ಲ ಎಂದು ಹಾರಿಸಿ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವೆಚ್ಚದ ಅಧ್ಯಾಯಕ್ಕೆ ಮಂಡಕ್ಕಿ ಭಟ್ಟಿ ಸಾಕು. ಭಟ್ಟಿಯ ಬಾಡಿಗೆ ದಿನಕ್ಕೆ 500 ರೂಪಾಯಿ. ಬೆಂಕಿ ಹೊತ್ತಿಸಲಿ ಬಿಡಲಿ, ಕೊಡಲೇಬೇಕು. ಭತ್ತ, ಉರುವಲು, ಕೂಲಿ ಸೇರಿ 3,800. ಮಾರಾಟದಿಂದ ಬಂದದ್ದು 4,000. ಒಟ್ಟು 300 ರೂಪಾಯಿ ನಷ್ಟ. ಆದರೂ ಭಟ್ಟಿ ನಡೆಯುತ್ತದೆ, ಏಕೆಂದರೆ ಮುಚ್ಚಿದರೆ ನಷ್ಟ 500. ಮಾರಾಟದ ಹಣ ಬದಲಾಗುವ ವೆಚ್ಚಕ್ಕಿಂತಲೂ ಕೆಳಗಿಳಿದ ದಿನ ಮುಚ್ಚುವುದೇ ಲೇಸು. ಅಲ್ಪಾವಧಿಯ ಸ್ಥಗಿತ ಬಿಂದು ಎಂದರೆ ಇದೇ. ನಷ್ಟವಿದ್ದರೂ ಊರಿನ ಹತ್ತಿ ಗಿರಣಿಗಳು ಏಕೆ ಕೂಡಲೇ ಬಾಗಿಲು ಹಾಕಲಿಲ್ಲ ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು. ಅವರಿಗೆ ನಾನು ಬಿಡಿಸಿ ತೋರಿಸುತ್ತಿದ್ದುದು ಇದೇ ಲೆಕ್ಕವನ್ನು.

ರಾಷ್ಟ್ರೀಯ ವರಮಾನಕ್ಕೂ ಸ್ವಂತ ಅಂಕಿಗಳನ್ನು ಇಟ್ಟುಕೊಳ್ಳಿ. ರೈತ 100 ರೂಪಾಯಿಗೆ ಮಾರಿದ ಜೋಳ 150ರ ಕೋಳಿ ಆಹಾರವಾಗಿ, ಅದು 220ರ ಮೊಟ್ಟೆಯಾಗಿ ಮನೆ ಸೇರಿದರೆ ಜಿಡಿಪಿಗೆ ಸೇರುವುದು 220. ಮೂರನ್ನೂ ಕೂಡಿದ 470 ಅಲ್ಲ. 100, 50, 70 ಎಂದು ಸೇರ್ಪಡೆಯಾದ ಮೌಲ್ಯವನ್ನು ಕೂಡಿದರೂ 220 ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಪರೀಕ್ಷೆಯಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಆಂತರಿಕ ಅಂಕದ ಕೆಲಸಕ್ಕೆ ಗೈಡಿನಿಂದ ನಕಲು ಮಾಡುವ ಬದಲು ಒಂದು ವಾರ ಮಾರುಕಟ್ಟೆಯ ಆವಕ ಮತ್ತು ಧಾರಣೆಯನ್ನು ಬರೆದಿಟ್ಟು ಚಿತ್ರ ಮಾಡಿ. ಉಪನ್ಯಾಸಕರು ಖಂಡಿತ ಗಮನಿಸುತ್ತಾರೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿದಿದೆ. ಅರ್ಥಶಾಸ್ತ್ರದಲ್ಲೇ ಆನರ್ಸ್ ಪದವಿ ಓದುವ ಆಸೆ. ಗಣಿತವೆಂದರೆ ಭಯ, ಹಾಗಾಗಿ ಕಲಾ ವಿಭಾಗ ಸೇರಬೇಕೆಂದಿದ್ದೇನೆ. ಸರಿಯೇ?
— ವಿದ್ಯಾರ್ಥಿ, ಚಿತ್ರದುರ್ಗ

ಆಸೆ ಒಂದು ಕಡೆ, ದಾರಿ ಇನ್ನೊಂದು ಕಡೆ ಆಗುತ್ತದೆ. ಪಿಯು ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ ಹತ್ತನೆಯ ತರಗತಿಯದ್ದೇ: ಸರಳ ಸಮೀಕರಣ, ಶೇಕಡಾವಾರು, ಇಳಿಜಾರು. ಆದರೆ ಆನರ್ಸ್ ಹಂತದಲ್ಲಿ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ ಎರಡೂ ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಸಂಯೋಜನೆ ತೆಗೆದುಕೊಂಡರೆ ಆ ಬಾಗಿಲು ಇಂದೇ ಮುಚ್ಚುತ್ತದೆ. ಹೀಗಾಗಿ ಗಣಿತ ಇರುವ ಸಂಯೋಜನೆ ನಿಮ್ಮ ಸುತ್ತಲಿನ ಕಾಲೇಜಿನಲ್ಲಿ ಇದೆಯೇ ಎಂದು ವಿಚಾರಿಸಿ. ಅದು ಸಿಗದಿದ್ದರೆ ಸಂಖ್ಯಾಶಾಸ್ತ್ರ ಇರುವ ವಾಣಿಜ್ಯ ಸಂಯೋಜನೆಯನ್ನಾದರೂ ಹಿಡಿಯಿರಿ. ವಾಣಿಜ್ಯದ ಬೇಸಿಕ್ ಮ್ಯಾಥ್ಸ್ ಸಾಕೇ ಎಂಬುದನ್ನು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಪ್ರವೇಶ ನಿಯಮ ನೋಡಿಯೇ ತೀರ್ಮಾನಿಸಬೇಕು.

ಹಾಗೆಂದು ಕಲಾ ವಿಭಾಗವನ್ನು ಕೀಳಾಗಿ ಕಾಣಬೇಡಿ. ಬಿ.ಎ. ಮುಗಿಸಿ, ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಂಥ ಕಡೆ ಎಂ.ಎ. ಮಾಡಿ ಅಧ್ಯಾಪನಕ್ಕೆ, ಆಡಳಿತ ಸೇವೆಗೆ ಹೋಗುವವರಿಗೆ ಅದು ಒಳ್ಳೆಯ ದಾರಿ. ಭಯವೊಂದೇ ಕಾರಣವಾಗಿ ಆರಿಸಬೇಡಿ ಎಂಬುದಷ್ಟೇ ನನ್ನ ಮಾತು.

ಪ್ರಶ್ನೆ: ನಾನು ಶೇಂಗಾ ಬೆಳೆಗಾರ. ಮಗಳು ಅರ್ಥಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ನೆಂಟರೆಲ್ಲ ವಿಜ್ಞಾನ ಕೊಡಿಸಿ ಎನ್ನುತ್ತಿದ್ದಾರೆ. ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?
— ಚಳ್ಳಕೆರೆ ತಾಲ್ಲೂಕಿನ ತಂದೆ

ಯಜಮಾನರೇ, ಪಿಯು ಅರ್ಥಶಾಸ್ತ್ರವೊಂದರಿಂದಲೇ ಕೆಲಸ ಸಿಗುವುದಿಲ್ಲ. ಪಿಯು ವಿಜ್ಞಾನದ ಮಟ್ಟಿಗೂ ಅದು ಅಷ್ಟೇ ನಿಜ. ಮುಂದಿನ ಓದು ಮುಖ್ಯ. ಲೆಕ್ಕಪರಿಶೋಧಕರಾಗುವವರ ಸಿಎ ಫೌಂಡೇಶನ್ ಪರೀಕ್ಷೆಯಲ್ಲಿ ವ್ಯವಹಾರ ಅರ್ಥಶಾಸ್ತ್ರದ್ದೇ ಒಂದು ಪತ್ರಿಕೆಯಿದೆ. ಸ್ನಾತಕೋತ್ತರ ಪದವಿ ಪಡೆದವರಿಗೆ ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆ ಇದೆ. ಬ್ಯಾಂಕು, ಕೆಎಎಸ್, ಕಾಲೇಜು ಅಧ್ಯಾಪನ ನಿಮಗೆ ಗೊತ್ತಿರುವಂಥವೇ. ನಮ್ಮ ರಾಜ್ಯದ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಅಳೆದು 2002ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. ಬಯಲುಸೀಮೆಯ ಮಕ್ಕಳು ಆ ಕೆಲಸಕ್ಕೆ ಬರಬೇಕು ಎಂಬುದು ನನ್ನ ಬಹುದಿನದ ಹಂಬಲ. ಮಳೆ ಕೈಕೊಟ್ಟ ವರ್ಷ ಮನೆಯ ಲೆಕ್ಕ ಹೇಗೆ ಏರುಪೇರಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮಗಳಿಗೆ ಇಷ್ಟವಿಲ್ಲದ ವಿಜ್ಞಾನಕ್ಕೆ ಹಣ ಸುರಿಯುವ ಮುನ್ನ ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ. ಅರ್ಥಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಸಂಖ್ಯಾಶಾಸ್ತ್ರ ಅಥವಾ ಗಣಿತ ಜೊತೆಗೆ ಸಿಗುತ್ತದೆಯೇ ಎಂದು ಕೇಳಿ. ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅಲ್ಲೇ ಅರ್ಜಿ ತುಂಬಿಸಿ.